ವಿಜ್ಞಾನಕ್ಕೊಂದು ಸಂಜೆ ಬೇಕು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹೆಣ್ಣುಮಕ್ಕಳು ಅಂಕಪಟ್ಟಿಯಲ್ಲಿ ಮುಂದಿದ್ದಾರೆ. ಪ್ರಯೋಗಾಲಯದ ಬಾಗಿಲಲ್ಲಿ ಅವರನ್ನು ತಡೆಯುತ್ತಿರುವುದು ಬಸ್ಸಿನ ವೇಳೆ, ಹಾಸ್ಟೆಲ್ ಗೇಟು, ಕಾಡಂಚಿನ ಕತ್ತಲು.

ಪಿಯುಸಿ ಫಲಿತಾಂಶದ ಮರುದಿನ ಪತ್ರಿಕೆಗಳ ತಲೆಬರಹ ಪ್ರತಿ ವರ್ಷವೂ ಒಂದೇ: ಬಾಲಕಿಯರೇ ಮೇಲುಗೈ. 2024ರಲ್ಲಿ ದ್ವಿತೀಯ ಪಿಯುಸಿ ಬರೆದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 85 ಮಂದಿ ಪಾಸಾದರು, ಹುಡುಗರಲ್ಲಿ 77. ಎಸ್ಸೆಸ್ಸೆಲ್ಸಿಯಲ್ಲೂ ಇದೇ ಮಾತು. ಅಪ್ಪ ಅಮ್ಮ ಮಗಳ ಬಾಯಿಗೆ ಸಿಹಿ ಹಾಕುವ ಫೋಟೊ ಅಚ್ಚಾಗುತ್ತದೆ, ಕಾಲೇಜಿನ ಮುಂದೆ ಅಭಿನಂದನೆಯ ಫ್ಲೆಕ್ಸ್ ಏಳುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಫ್ಲೆಕ್ಸ್ ಹರಿದಿರುತ್ತದೆ. ಅದರಲ್ಲಿದ್ದ ಹುಡುಗಿಯರು ಮುಂದೇನಾದರು ಎಂದು ಕೇಳಿಕೊಂಡು ಹೋಗುವವರು ಯಾರೂ ಇಲ್ಲ.

ದೇಶದ ಲೆಕ್ಕ ನೋಡಿದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದಲ್ಲಿ ಪದವಿ ಪಡೆಯುವವರಲ್ಲಿ ನೂರಕ್ಕೆ ಸುಮಾರು 43 ಮಂದಿ ಹೆಣ್ಣುಮಕ್ಕಳು. ಬಹಳಷ್ಟು ಶ್ರೀಮಂತ ದೇಶಗಳಲ್ಲೂ ಇಷ್ಟಿಲ್ಲ. ಆದರೆ ಸಂಶೋಧನೆಯನ್ನೇ ಕಸುಬು ಮಾಡಿಕೊಂಡವರಲ್ಲಿ ಹೆಂಗಸರ ಪಾಲು ಆರರಲ್ಲೊಂದರ ಆಸುಪಾಸು ಅಷ್ಟೇ. ಓದಿದವರು ಎಲ್ಲೋ ದಾರಿಯಲ್ಲಿ ಇಳಿದುಹೋಗಿದ್ದಾರೆ. ಅವರು ಎಲ್ಲೆಲ್ಲಿ ಇಳಿದರು ಎಂದು ತಿಳಿಯಬೇಕಾದರೆ ದೆಹಲಿಯ ವರದಿಗಿಂತ ಮೈಸೂರಿನ ಆಚೆ 60 ಕಿಲೋಮೀಟರಿನ ಈ ಎರಡು ಊರುಗಳು ಹೆಚ್ಚು ಹೇಳುತ್ತವೆ ಎಂದು ನನ್ನ ನಂಬಿಕೆ.

2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 55. ರಾಜ್ಯದ ಸರಾಸರಿ 68 ಇತ್ತು. ಇವತ್ತು ಪಿಯುಸಿಯಲ್ಲಿ ಕ್ಯಾಲ್ಕುಲಸ್ ಮಾಡುತ್ತಿರುವ ಹುಡುಗಿ ಆಗ ತಾಯಿಯ ಸೊಂಟದ ಮೇಲಿದ್ದ ಕೂಸು. ಆ ತಾಯಂದಿರೂ ಈ ಅಂಕಿಯಲ್ಲಿದ್ದಾರೆ, ಅವರಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಒಂದೇ ತಲೆಮಾರಿನಲ್ಲಿ ಹೆಬ್ಬೆಟ್ಟಿನಿಂದ ಡಿಫರೆನ್ಷಿಯಲ್ ಇಕ್ವೇಷನ್ನಿನವರೆಗೆ ಬಂದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹೆಣ್ಣುಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಜಗಲಿಯ ಮೇಲಿನ ತೀರ್ಮಾನ

ಮೊದಲು ಇಳಿಯುವ ಜಾಗ ಎಸ್ಸೆಸ್ಸೆಲ್ಸಿ ಆದ ಮೇಲಿನ ಅರ್ಜಿ. ಹುಡುಗಿಗೆ ಬಂದ ಅಂಕವೇನೋ ಸೈನ್ಸಿಗೆ ಸಾಕು. ರಾತ್ರಿ ಜಗಲಿಯ ಮೇಲೆ ಮಾತು ಮಾತ್ರ ಹೀಗೆ ಸಾಗುತ್ತದೆ:

‘ಸೈನ್ಸು ಬಾಳ ಕಷ್ಟ ಕನವ್ವ. ಟ್ಯೂಷನ್ನು ಗೀಷನ್ನು ಅಂತ ಎಲ್ಲಿಂದ ತರದು ದುಡ್ಡ? ಆರ್ಟ್ಸ್ ತಕ, ಮಧ್ಯಾನಕ್ಕೆ ಮನೆಗೆ ಬಂದ್ಬುಡು.’

‘ಅಣ್ಣನ್ಗೆ ಕೊಡ್ಸುದ್ರಲ್ಲ ಅಪ್ಪ?’

‘ಅವ್ನು ಗಂಡು. ರಾತ್ರಿ ಒಂಬತ್ತಾದ್ರೂ ಬತ್ತನೆ ಬುಡು.’

ಇಂಥ ಮಾತಾಡುವ ಅಪ್ಪ ಕೆಟ್ಟವನಲ್ಲ. ಮಗಳ ಮೇಲೆ ಅವನಿಗೆ ಪ್ರಾಣ. ಅವನ ಎರಡು ಮಾತನ್ನೂ ಬಿಡಿಸಿ ನೋಡಿ: ಮಗಳ ತಲೆಯ ಬಗ್ಗೆ ಅವನಿಗೆ ಅನುಮಾನವೇ ಇಲ್ಲ. ಅವನ ಚಿಂತೆ ದುಡ್ಡಿನದು, ಅದಕ್ಕಿಂತ ಹೆಚ್ಚಾಗಿ ಹೊತ್ತಿನದು. ಮಧ್ಯಾಹ್ನ ಮನೆಗೆ ಬರುವ ಓದು ಹೆಣ್ಣುಮಗಳಿಗೆ, ರಾತ್ರಿ ಮನೆಗೆ ಬರುವ ಓದು ಗಂಡುಮಗನಿಗೆ. ಈ ಸೀಮೆಯ ಹೆಣ್ಣುಮಕ್ಕಳ ವಿಜ್ಞಾನದ ಕಥೆಯನ್ನು ಎಲ್ಲಿಂದ ಹಿಡಿದು ಎಳೆದರೂ ಕೊನೆಗೆ ಕೈಗೆ ಸಿಗುವುದು ಇದೇ ಎಳೆ. ವಿಜ್ಞಾನಕ್ಕೆ ಸಂಜೆ ಬೇಕು. ಹೆಣ್ಣುಮಕ್ಕಳ ಸಂಜೆ ಅವರ ಕೈಯಲ್ಲಿಲ್ಲ.

ಆ ರಾತ್ರಿಯ ತೀರ್ಮಾನಕ್ಕೆ ತಿದ್ದುಪಡಿ ಇಲ್ಲ ಎನ್ನುವುದು ಬಹಳ ಮನೆಗಳಿಗೆ ಗೊತ್ತಿರುವುದಿಲ್ಲ. ಸೈನ್ಸ್ ಓದಿದವಳು ಮುಂದೆ ಬೇಕೆಂದಾಗ ಬಿ.ಎ. ಸೇರಬಹುದು, ಬಿ.ಕಾಂ. ಸೇರಬಹುದು. ಆರ್ಟ್ಸ್ ಓದಿದವಳಿಗೆ ಎಂಜಿನಿಯರಿಂಗ್, ಮೆಡಿಕಲ್, ಬಿ.ಎಸ್ಸಿ. ಬಾಗಿಲು ಹದಿನಾರನೇ ವಯಸ್ಸಿಗೇ ಮುಚ್ಚಿತು. ಸಿಇಟಿಯಲ್ಲಿ ಹಳ್ಳಿಯ ಮಕ್ಕಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟು ಮೀಸಲಿವೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ ತೆರಕಣಾಂಬಿಯ ಅಥವಾ ಬೇಗೂರಿನ ಹುಡುಗಿಗೆ ಇದು ಹಕ್ಕಿನ ಸೀಟು. ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೊಳ್ಳದಿದ್ದ ಮೇಲೆ ಆ ಹಕ್ಕು ಕಾಗದದಲ್ಲೇ ಉಳಿಯಿತು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು ಎಂಬ ಇನ್ನೊಂದು ದಾರಿಯೂ ಇದೆ. ಹುಡುಗರ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು, ಹುಡುಗಿಯರ ಮನೆಗಳಲ್ಲಿ ಹೇಳುವವರಿಲ್ಲ.

ಬ್ಯುರೆಟ್ಟಿನ ಮುಂದೆ

ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಕ್ಕೆ ತಲಾ 30 ಅಂಕದ ಪ್ರಾಕ್ಟಿಕಲ್ ಇದೆ. ತಾಲ್ಲೂಕು ಮಟ್ಟದ ಕಾಲೇಜುಗಳಲ್ಲಿ ಒಂದೇ ಲ್ಯಾಬು, ಹತ್ತಾರು ಮಕ್ಕಳು. ಹಾಗಾಗಿ ಬ್ಯಾಚು ಮಾಡಿ ಮಧ್ಯಾಹ್ನದ ಮೇಲೆ ನಡೆಸುತ್ತಾರೆ. ಅಲ್ಲಿ ಏನಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಟೈಟ್ರೇಷನ್ ಎಂದಿಟ್ಟುಕೊಳ್ಳಿ. ಪಿಪೆಟ್ಟಿನಲ್ಲಿ ಆಕ್ಸಾಲಿಕ್ ಆಮ್ಲ ಅಳೆದು ಫ್ಲಾಸ್ಕಿಗೆ ಬಿಟ್ಟು, ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಕೈಗೆ ಚುರ್ ಎನ್ನುವಷ್ಟು ಬಿಸಿ ಮಾಡಬೇಕು. ಆಮೇಲೆ ಬ್ಯುರೆಟ್ಟಿನಿಂದ ನೇರಳೆ ದ್ರಾವಣ ಹನಿಹನಿಯಾಗಿ. ಮೊದಲ ಹನಿಯ ಬಣ್ಣ ಬೇಗ ಹೋಗುವುದೇ ಇಲ್ಲ, ತಪ್ಪಾಯಿತೇನೋ ಎಂದು ಹುಡುಗಿ ಪಕ್ಕದವಳ ಮುಖ ನೋಡುತ್ತಾಳೆ. ಇನ್ನೆರಡು ಹನಿ ಬಿದ್ದ ಮೇಲೆ ಬಣ್ಣ ಸರಸರನೆ ಮಾಯವಾಗತೊಡಗುತ್ತದೆ. ಹೋಗುತ್ತ ಹೋಗುತ್ತ ಒಂದು ಹನಿಗೆ ಇಡೀ ಫ್ಲಾಸ್ಕು ತಿಳಿಗುಲಾಬಿಗೆ ತಿರುಗಿ ಹಾಗೇ ನಿಲ್ಲುತ್ತದೆ. ಅದು ಎಂಡ್ ಪಾಯಿಂಟ್. ಒಂದು ಸಲ ಮಾಡಿದರೆ ಸಾಲದು, ಎರಡು ರೀಡಿಂಗ್ ತಾಳೆಯಾಗುವತನಕ ಮತ್ತೆ ಮತ್ತೆ ಮಾಡಬೇಕು.

ಮೊದಲ ಹನಿ ಯಾಕೆ ಅಷ್ಟು ನಿಧಾನ, ಆಮೇಲೆ ಯಾಕೆ ಅಷ್ಟು ಜೋರು? ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಆ ಕ್ರಿಯೆಯ ವೇಗ ಹೆಚ್ಚಿಸುತ್ತವೆ. ಪುಸ್ತಕದಲ್ಲಿ ಇದು ಒಂದು ಸಾಲು. ಕಣ್ಣೆದುರಿಗೆ ಕಂಡವಳು ಈ ಪ್ರಶ್ನೆ ಕೇಳಿದರೆ, ಲೆಕ್ಚರರ್ ಹತ್ತು ನಿಮಿಷ ನಿಂತು ಹೇಳಿದರೆ, ಅವಳ ವಿಜ್ಞಾನ ಅಲ್ಲಿ ಶುರುವಾಯಿತು. ಆ ಹತ್ತು ನಿಮಿಷಕ್ಕೇ ಸಂಚಕಾರ. ಊರಿನ ಬಸ್ಸು ಹೊರಡುವ ಹೊತ್ತಾಯಿತು. ತಾಳೆಯಾದ ರೀಡಿಂಗನ್ನು ಪಕ್ಕದವಳ ರೆಕಾರ್ಡಿನಿಂದ ಬರೆದುಕೊಂಡು, ಫ್ಲಾಸ್ಕು ತೊಳೆದು ಓಡುತ್ತಾಳೆ. ಹುಡುಗ ಉಳಿಯುತ್ತಾನೆ, ಇನ್ನೊಂದು ಸಲ ಮಾಡುತ್ತಾನೆ, ಗೆಳೆಯನ ಬೈಕಿನಲ್ಲಿ ಊರು ಸೇರುತ್ತಾನೆ. ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಅಂಕ ಬರಬಹುದು, ಅವಳಿಗೆ ಎರಡು ಹೆಚ್ಚೂ ಬರಬಹುದು. ಕೈಗೆ ಬಂದ ವಿದ್ಯೆ ಮಾತ್ರ ಒಂದೇ ಅಲ್ಲ.

ಗುಂಡ್ಲುಪೇಟೆ ತಾಲ್ಲೂಕಿನ ತೆಂಕಣ ಭಾಗ ಪೂರ್ತಿ ಬಂಡೀಪುರಕ್ಕೆ ಆತುಕೊಂಡಿದೆ. ಕೇರಳದ ಕಡೆ ಹೋಗುವ ಹೆದ್ದಾರಿಯಲ್ಲಿ ಕಾಡು ಪ್ರಾಣಿಗಳ ಸಲುವಾಗಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರವಿಲ್ಲ. ಅದು ಸರಿಯಾದ ತೀರ್ಮಾನವೇ. ಆದರೆ ಹಂಗಳದ ಆಚೆಯ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವುದೆಂದರೆ ಏನೆಂದು ಅಲ್ಲಿಯವರಿಗೇ ಗೊತ್ತು. ಆನೆ ಬಾಳೆತೋಟಕ್ಕೆ ಇಳಿಯುವ ಹೊತ್ತು ಅದೇ. 2019ರಲ್ಲಿ ಚೌಡಹಳ್ಳಿ ಕಡೆ ಹುಲಿ ಮನುಷ್ಯರನ್ನೇ ಕೊಂದು ಕೊನೆಗೆ ಸೆರೆಸಿಕ್ಕಿದ್ದು ಯಾರೂ ಮರೆತಿಲ್ಲ. ಅಂಥ ಊರಿನ ತಾಯಿ ‘ಕತ್ಲಾಗೋ ಮುಂಚೆ ಬಾವ್ವ’ ಎಂದರೆ ಅದನ್ನು ಹಳೇ ಕಾಲದ ಬುದ್ಧಿ ಎಂದು ತಳ್ಳಿಹಾಕಲಾಗದು. ಪ್ರಾಣಿಯ ಭಯ ಒಂದು ಕಡೆ, ಮನುಷ್ಯರ ಭಯ ಇನ್ನೊಂದು ಕಡೆ. ಎರಡನೆಯದನ್ನು ತಾಯಂದಿರು ಬಾಯಿಬಿಟ್ಟು ಹೇಳುವುದಿಲ್ಲ.

2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂತು. ಬಸ್ಸಿನ ದುಡ್ಡಿಲ್ಲವೆಂದು ಓದು ಬಿಡುವುದು ನಿಂತಿತು, ಇದು ಸಣ್ಣ ಮಾತಲ್ಲ. ಆದರೆ ಟಿಕೆಟ್ ಪುಕ್ಕಟೆಯಾದರೆ ಸಾಲದು, ಸಂಜೆ ಆರೂವರೆಗೆ ಊರಿಗೆ ಬಸ್ಸೂ ಇರಬೇಕಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳ ಶಾಲಾ ಮಕ್ಕಳಿಗಾಗಿ ಅರಣ್ಯ ಇಲಾಖೆ ಜೀಪು ಓಡಿಸಿದ್ದು ಇದೇ ಜಿಲ್ಲೆಯಲ್ಲಿ. ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಮನೆಯೊಳಗಿನ ಲ್ಯಾಬು

ಮನೆ ಸೇರಿದ ಮೇಲಿನ ಸಂಜೆಯೂ ಅವಳದಲ್ಲ. ಚಾಮರಾಜನಗರ, ಸಂತೇಮರಹಳ್ಳಿ, ಕೊಳ್ಳೇಗಾಲದ ಕಡೆ ರೇಷ್ಮೆ ಸಾಕುವ ಮನೆಗೆ ಹೋಗಿ ನೋಡಿ. ಮೊಟ್ಟೆ ಒಡೆದು ಹುಳು ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ, ನಡುವೆ ನಾಲ್ಕು ಜ್ವರ, ಎಂದರೆ ಹುಳು ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಮೇಯುವ ಸದ್ದು ಸೋನೆಮಳೆಯಂತೆ ಮನೆಯ ತುಂಬ ಕೇಳುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ಖರ್ಚಾಗುವುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಸೊಪ್ಪು ಹಾಕಬೇಕು. ಹಣ್ಣಾದ ಹುಳು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಪರೀಕ್ಷೆ ಇದ್ದರೂ ಹುಳು ಕಾಯುವುದಿಲ್ಲ. ಆ ಕೆಲಸಕ್ಕೆ ಮೊದಲು ಕೂಗುವುದು ಮಗಳನ್ನು.

ಇದರಲ್ಲೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಕೋಣೆಯ ಶಾಖ ಎಷ್ಟಿರಬೇಕು, ತೇವ ಎಷ್ಟಿರಬೇಕು, ಯಾವ ಹುಳು ರೋಗದ್ದು, ಯಾವಾಗ ಸೊಪ್ಪು ನಿಲ್ಲಿಸಬೇಕು, ಕೋಣೆ ತೊಳೆದು ರೋಗಾಣು ಹೇಗೆ ಕೊಲ್ಲಬೇಕು ಎಂದೆಲ್ಲ ಆ ಹುಡುಗಿಗೆ ಹತ್ತನೇ ವಯಸ್ಸಿಗೇ ಗೊತ್ತು. ಜೀವಶಾಸ್ತ್ರದ ಪುಸ್ತಕದಲ್ಲಿ ರೂಪಪರಿವರ್ತನೆಯ ಪಾಠ ಬಂದಾಗ ಮಾತ್ರ ಅವಳು ಏನೂ ಗೊತ್ತಿಲ್ಲದವಳ ಹಾಗೆ ಕೊನೆಯ ಬೆಂಚಿನಲ್ಲಿ ಕೂತಿರುತ್ತಾಳೆ. ಮನೆಯಲ್ಲಿ ಮಾಡುವುದನ್ನು ವಿಜ್ಞಾನ ಎಂದು ಅವಳಿಗೆ ಯಾರೂ ಹೇಳಿಲ್ಲ.

ಅರಿಸಿನದ ವಿಷಯವೂ ಹಾಗೆಯೇ. ಅರಿಸಿನ ಬೆಳೆಯುವ ಕರ್ನಾಟಕದ ಮುಖ್ಯ ಜಿಲ್ಲೆಗಳಲ್ಲಿ ಚಾಮರಾಜನಗರವೂ ಒಂದು. ಗಾಯಕ್ಕೆ ಅರಿಸಿನ ಹಚ್ಚುವುದನ್ನೇ ಹೊಸ ಶೋಧವೆಂದು ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಪಡೆದರು. ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಇದು ಇಲ್ಲಿ ಮೊದಲಿಂದಲೂ ಗೊತ್ತಿದ್ದ ಮನೆಮದ್ದು ಎಂಬುದೇ ಆಗ ಗೆದ್ದ ವಾದ. ಅಜ್ಜಿಯರ ತಿಳಿವಳಿಕೆಗೆ ಅಷ್ಟು ಬೆಲೆ ಇದ್ದ ಮೇಲೆ ಆ ಅಜ್ಜಿಯರ ಮೊಮ್ಮಗಳು ಅರಿಸಿನದ ಕರ್ಕ್ಯುಮಿನ್ ಮೇಲೆ ಕೆಲಸ ಮಾಡುವ ಲ್ಯಾಬಿನಲ್ಲಿ ಇರಬೇಕಿತ್ತು.

ಇಂಗ್ಲಿಷಿನ ಹೊಸ್ತಿಲು

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ ತೊಂಬತ್ತು ತೆಗೆದವಳು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗುತ್ತಾಳೆ. ವಿಷಯ ಗೊತ್ತಿಲ್ಲ ಎಂದಲ್ಲ, ಪ್ರಶ್ನೆಯೇ ಅರ್ಥವಾಗಿಲ್ಲ. ವೇಗೋತ್ಕರ್ಷ, ಜಡತ್ವ, ದ್ಯುತಿಸಂಶ್ಲೇಷಣೆ ಎಲ್ಲ ಒಂದೇ ಬೇಸಿಗೆ ರಜೆಯಲ್ಲಿ ಹೆಸರು ಬದಲಿಸಿಕೊಂಡು ಬಂದಿರುತ್ತವೆ. ಹುಡುಗರಿಗೂ ಇದು ಕಷ್ಟವೇ. ಆದರೆ ಸಂಜೆ ಟ್ಯೂಷನ್ನಿಗೆ ಹೋಗಿ, ಮೊಬೈಲಿನಲ್ಲಿ ಪಾಠ ಕೇಳಿ ನಾಲ್ಕು ತಿಂಗಳಲ್ಲಿ ದಾಟಿಕೊಳ್ಳುತ್ತಾರೆ. ಮನೆಗೆ ಒಂದೇ ಸ್ಮಾರ್ಟ್‌ಫೋನು, ಅದು ಅಪ್ಪನ ಅಥವಾ ಅಣ್ಣನ ಜೇಬಿನಲ್ಲಿ ಎನ್ನುವ ಕಡೆ ಹುಡುಗಿ ದಾಟುವುದು ಹೇಗೆ? ಮೈಸೂರಿನ ಜೆ.ಆರ್. ಲಕ್ಷ್ಮಣರಾಯರಂಥವರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆ, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ಬರೆದ ನೇಮಿಚಂದ್ರ, ಹೀಗೆ ಕನ್ನಡದಲ್ಲಿ ವಿಜ್ಞಾನ ಹೇಳುವವರಿಗೆ ಬರವಿರಲಿಲ್ಲ. ಪಿಯುಸಿಯ ಮೊದಲ ಮೂರು ತಿಂಗಳು ಎರಡೂ ಭಾಷೆಯಲ್ಲಿ ಪಾಠ ಮಾಡಿದರೆ ಎಷ್ಟೋ ಹುಡುಗಿಯರು ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗುವುದು ತಪ್ಪುತ್ತದೆ. ಒಳ್ಳೆಯ ಲೆಕ್ಚರರುಗಳು ಯಾರ ಆದೇಶಕ್ಕೂ ಕಾಯದೆ ಇದನ್ನು ಮಾಡುತ್ತಲೇ ಇದ್ದಾರೆ.

ತಡವಾಗಿ ಬಂದ ಕಾಲೇಜುಗಳು

1997ರಲ್ಲಿ ಮೈಸೂರಿನಿಂದ ಬೇರೆಯಾಗುವವರೆಗೆ ಚಾಮರಾಜನಗರ ಒಂದು ದೊಡ್ಡ ಜಿಲ್ಲೆಯ ಮೂಲೆಯ ತಾಲ್ಲೂಕು. ಇಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆ ಬೇರೆ. ಅಧಿಕಾರದಲ್ಲಿದ್ದವರು ವರ್ಷಗಟ್ಟಲೆ ಜಿಲ್ಲಾ ಕೇಂದ್ರಕ್ಕೆ ಕಾಲಿಡಲಿಲ್ಲ. ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಮತ್ತೆ ಮತ್ತೆ ಬಂದು ಅದನ್ನು ಮುರಿದರು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದದ್ದು 2007ರಲ್ಲಿ, ವೈದ್ಯಕೀಯ ಕಾಲೇಜು 2016ರಲ್ಲಿ. ಅದಕ್ಕೆ ಮುಂಚೆ ಎಂಜಿನಿಯರ್ ಆಗಬೇಕೆಂದವರು ಮೈಸೂರಿಗೋ ಮಂಡ್ಯಕ್ಕೋ ಹೋಗಿ ಹಾಸ್ಟೆಲ್ ಹಿಡಿಯಬೇಕಿತ್ತು. ಎಂದರೆ, ಗಂಡುಮಕ್ಕಳು ಹೋಗಬೇಕಿತ್ತು.

ಕಾಲೇಜು ಹತ್ತಿರ ಬಂದರೆ ಏನಾಗುತ್ತದೆ ಎಂಬುದಕ್ಕೆ ಸುವರ್ಣಗಂಗೋತ್ರಿ ಸಾಕ್ಷಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಬೆಳೆದು ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಗುಂಡ್ಲುಪೇಟೆಯಿಂದ ಅಲ್ಲಿಗೆ ದಿನಾ ಹೋಗಿ ಬರಬಹುದು. ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ ಎಂ.ಎಸ್ಸಿ.ಗೂ ಮನೆಯವರು ಒಪ್ಪುತ್ತಾರೆ. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಇದರ ಹೆಸರೂ ಕೇಳಿಬಂತು. ದುಡ್ಡಿನ ಕೊರತೆ, ಅಧ್ಯಾಪಕರ ಕೊರತೆ ನಿಜವಿರಬಹುದು. ಆದರೆ ಮುಚ್ಚಿದರೆ ಹುಡುಗರು ಮೈಸೂರಿನ ಬಸ್ಸು ಹತ್ತುತ್ತಾರೆ, ಹುಡುಗಿಯರಲ್ಲಿ ಬಹಳ ಮಂದಿ ಮನೆಯಲ್ಲಿ ಉಳಿಯುತ್ತಾರೆ. ಆ ಲೆಕ್ಕವನ್ನೂ ಇಟ್ಟುಕೊಂಡೇ ತೀರ್ಮಾನಿಸಬೇಕು.

ಇದೇ ಜಿಲ್ಲೆಯ ಹೊಂಡರಬಾಳಿನ ಜವಾಹರ್ ನವೋದಯ ವಿದ್ಯಾಲಯವನ್ನು ನೋಡಿ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಸೀಟುಗಳಲ್ಲಿ ಮೂರನೇ ಒಂದು ಪಾಲು ಹುಡುಗಿಯರಿಗೆ, ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ. ಊಟ, ವಸತಿ ಅಲ್ಲೇ. ಅಲ್ಲಿ ಹುಡುಗಿ ಬಸ್ಸಿಗೆ ಓಡಬೇಕಾಗಿಲ್ಲ, ಸೊಪ್ಪು ಕೊಯ್ಯಬೇಕಾಗಿಲ್ಲ, ರಾತ್ರಿ ಊಟದ ಮೇಲೂ ಓದಲು ಹೊತ್ತಿದೆ. ನವೋದಯದ ಗುಟ್ಟು ಪಾಠದಲ್ಲಷ್ಟೇ ಇದೆ ಎಂದು ನನಗನಿಸುವುದಿಲ್ಲ.

ಗುಂಡ್ಲುಪೇಟೆ ಹೆಣ್ಣಿನ ನಾಯಕತ್ವಕ್ಕೆ ಹೊಸದಲ್ಲ. ಈ ಕ್ಷೇತ್ರ ಕೆ.ಎಸ್. ನಾಗರತ್ನಮ್ಮನವರನ್ನು ಏಳು ಸಲ ವಿಧಾನಸಭೆಗೆ ಕಳಿಸಿತು. 1972ರಿಂದ 1978ರವರೆಗೆ ಅವರು ಸಭಾಧ್ಯಕ್ಷರು, ರಾಜ್ಯದ ವಿಧಾನಸಭೆ ಕಂಡ ಮೊದಲ ಮಹಿಳಾ ಸಭಾಧ್ಯಕ್ಷೆ. ಹೆಣ್ಣುಮಗಳು ಸದನ ನಡೆಸುವುದನ್ನು ಐವತ್ತು ವರ್ಷದ ಹಿಂದೆಯೇ ಹೆಮ್ಮೆಯಿಂದ ಒಪ್ಪಿದ ಸೀಮೆ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರುತ್ತೇನೆ ಎಂದ ಹುಡುಗಿಗೆ ‘ಲೇತ್ ಮಿಷಿನ್ ಮುಂದೆ ನಿಂತ್ಕತೀಯ?’ ಎಂದು ಇನ್ನೂ ಕೇಳುತ್ತಿದೆ.

ನಂಜನಗೂಡಿನ ನಂಟಿದ್ದವರು

ಚಾಮರಾಜನಗರದ ರೈಲು ಮೈಸೂರಿಗೆ ಹೋಗುವಾಗ ನಂಜನಗೂಡು ದಾಟುತ್ತದೆ. ಆ ಊರಿನ ನಂಟಿದ್ದ ಹುಡುಗಿಯೊಬ್ಬಳು 1922ರಲ್ಲಿ ಹುಟ್ಟಿದಳು. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದ ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಕರೆಯುತ್ತಾರೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ವಿಧವೆಯರ ಮತ್ತು ಗಂಡ ಬಿಟ್ಟವರ ಓದಿಗಾಗಿ ದುಡಿದವರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ 1953ರಲ್ಲಿ ಪಿಎಚ್.ಡಿ. ಪಡೆದು ವಾಪಸ್ ಬಂದರು. ಮೈಕ್ರೊವೇವ್, ಆಂಟೆನಾ ವಿಷಯದಲ್ಲಿ ಪ್ರಯೋಗಾಲಯ ಕಟ್ಟಿ, ಇಪ್ಪತ್ತು ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಬೆಳೆಸಿ, ವಿಭಾಗದ ಮುಖ್ಯಸ್ಥರೂ ಆಗಿ 1982ರಲ್ಲಿ ನಿವೃತ್ತರಾದರು. ಓದಿದ ಅಜ್ಜಿ, ಓದಲು ಬಿಟ್ಟ ಮನೆ, ಹೊರಗೆ ಕಳಿಸಿದ ವಿದ್ಯಾರ್ಥಿವೇತನ ಮೂರೂ ಕೂಡಿಬಂದವು. ಇಂದಿನ ಗುಂಡ್ಲುಪೇಟೆಯ ಹುಡುಗಿಗೆ ಅಂಥ ಅಜ್ಜಿಯಿಲ್ಲ. ಉಳಿದೆರಡನ್ನು ಸಮಾಜ ಒದಗಿಸಬೇಕು.

ಅದೇ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಅರ್ಜಿ ಹಾಕಿದ ಕಮಲಾ ಸೊಹೊನಿಯವರಿಗೆ ಆಗಿನ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಜಾಗ ಕೊಡಲಿಲ್ಲ. ಅವರು ಪಟ್ಟು ಹಿಡಿದರು. ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದು, ಗಂಡಸರ ಗಮನ ಕೆಡಿಸಬಾರದು ಎಂಬ ಷರತ್ತುಗಳ ಮೇಲೆ ಒಳಗೆ ಬಿಟ್ಟರು. 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು ವಿಜ್ಞಾನದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆ ಅವರೇ. ಆ ಅವಮಾನವನ್ನು ಅವರು ಕೊನೆತನಕ ಮರೆಯಲಿಲ್ಲ. ಇವತ್ತು ಯಾವ ನಿರ್ದೇಶಕರೂ ಹಾಗೆ ಹೇಳುವ ಹಾಗಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ರಾತ್ರಿ ಹತ್ತರವರೆಗೆ ಲ್ಯಾಬು ತೆರೆದಿದ್ದು, ಹೆಣ್ಣುಮಕ್ಕಳ ಹಾಸ್ಟೆಲ್ ಗೇಟು ಏಳಕ್ಕೇ ಮುಚ್ಚಿದರೆ ಷರತ್ತು ತಾನಾಗಿಯೇ ಜಾರಿಯಾಯಿತು.

ಪದವಿಯ ಆಚೆ

ಇಷ್ಟೆಲ್ಲ ದಾಟಿ ಬಿ.ಇ. ಮುಗಿಸಿದವಳಿಗೆ ಮುಂದಿನ ಊರು ಬೆಂಗಳೂರು. ಪಿ.ಜಿ. ಬಾಡಿಗೆ, ಊಟ ಕಳೆದರೆ ಮೊದಲ ಸಂಬಳದಲ್ಲಿ ಮನೆಗೆ ಕಳಿಸಲು ಹೆಚ್ಚೇನೂ ಉಳಿಯುವುದಿಲ್ಲ. ಊರ ಹತ್ತಿರದ ಬದನಗುಪ್ಪೆ ಕೈಗಾರಿಕಾ ಪ್ರದೇಶದಲ್ಲಿ, ನಂಜನಗೂಡಿನಲ್ಲಿ ಕಾರ್ಖಾನೆಗಳಿವೆ. ಅಲ್ಲಿ ತಾಂತ್ರಿಕ ಕೆಲಸವೆಂದರೆ ಶಿಫ್ಟು. 1948ರ ಕಾರ್ಖಾನೆ ಕಾಯ್ದೆ ಹೆಂಗಸರನ್ನು ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ದುಡಿಸಬಾರದು ಎಂದಿತ್ತು. ರಕ್ಷಣೆಗೆಂದು ಮಾಡಿದ ನಿಯಮವೇ ಹೆಣ್ಣುಮಕ್ಕಳನ್ನು ಎಂಜಿನಿಯರ್ ಹುದ್ದೆಗೆ ತೆಗೆದುಕೊಳ್ಳದಿರಲು ನೆಪವಾಯಿತು. ಕರ್ನಾಟಕ 2019ರಲ್ಲಿ ಸಾರಿಗೆ, ಭದ್ರತೆಯ ಷರತ್ತುಗಳೊಡನೆ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. ಷರತ್ತು ಪಾಲಿಸುವ ಕಡೆ ಹೆಣ್ಣುಮಕ್ಕಳು ನಿಂತಿದ್ದಾರೆ, ಪಾಲಿಸದ ಕಡೆ ಬಿಟ್ಟಿದ್ದಾರೆ.

ಆಮೇಲೆ ಮದುವೆ. ಇಲ್ಲಿ ಅದು ಪದವಿಗೂ ಮುಂಚೆ ಬರುವುದುಂಟು. ಬಾಲ್ಯವಿವಾಹದ ಪಿಡುಗು ಈ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. ಹದಿನೆಂಟರೊಳಗಿನ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಬರೆದುಕೊಂಡಿದೆ. ಆದರೂ ಪಿಯುಸಿ ಸೇರದ ಹುಡುಗಿಯ ಮನೆಗೆ ಗಂಡಿನವರು ಬೇಗ ಬರುತ್ತಾರೆ. ಹುಡುಗಿ ಕಾಲೇಜಿನಲ್ಲಿ ಉಳಿದಷ್ಟು ವರ್ಷ ಮದುವೆ ಮುಂದಕ್ಕೆ ಹೋಗುತ್ತದೆ. ಓದಿದವಳಿಗೂ ಮದುವೆಯಾದ ಮೇಲೆ ಊರು ಯಾವುದು ಎಂದು ಗಂಡನ ಕೆಲಸ ತೀರ್ಮಾನಿಸುತ್ತದೆ. 2017ರಿಂದ 26 ವಾರದ ಹೆರಿಗೆ ರಜೆ ಇದೆ, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ಕೂಸಿಗೆ ಎರಡು ತುಂಬುವಷ್ಟರಲ್ಲಿ ತಂತ್ರಜ್ಞಾನ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಇಸ್ರೊದಲ್ಲಿ ಜಿಸ್ಯಾಟ್-12ರ ಯೋಜನಾ ನಿರ್ದೇಶಕಿಯಾದ ಬೆಂಗಳೂರಿನ ಟಿ.ಕೆ. ಅನುರಾಧಾ, ಆದಿತ್ಯ-ಎಲ್1 ನಡೆಸಿದ ತಮಿಳುನಾಡಿನ ಸೆಂಗೋಟ್ಟೈಯ ನಿಗಾರ್ ಶಾಜಿ ಇವರೆಲ್ಲ ಒಂದೇ ಸಂಸ್ಥೆಯಲ್ಲಿ ದಶಕಗಳ ಕಾಲ ಎಡೆಬಿಡದೆ ಕೆಲಸ ಮಾಡಲು ಸಾಧ್ಯವಾದವರು. ಸೆಂಗೋಟ್ಟೈ ನಮ್ಮ ಗುಂಡ್ಲುಪೇಟೆಯ ಹಾಗೆಯೇ ಕೇರಳದ ಗಡಿಯ ಸಣ್ಣ ಊರು ಎನ್ನುವುದನ್ನು ಇಲ್ಲಿಯ ಶಾಲೆಗಳ ಗೋಡೆಯ ಮೇಲೆ ಬರೆಸಬೇಕು ಎಂದು ನನಗೆ ಆಸೆ.

ಕೈಗೆಟುಕುವ ನೆರವು

ತಿಳಿಯದೆ ಕಳೆದುಕೊಳ್ಳುವ ದುಡ್ಡೇ ಬಹಳ. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಡಿಪ್ಲೊಮಾ ಮತ್ತು ಬಿ.ಇ. ಓದುವ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷ ಮೀರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತದೆ. ಪಿಯುಸಿಯಲ್ಲಿ ಮೇಲಿನ ನೂರಕ್ಕೆ ಒಬ್ಬರಲ್ಲಿ ಬಂದು ಬಿ.ಎಸ್ಸಿ. ಸೇರಿದವರಿಗೆ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿವರೆಗೆ ನೆರವಿದೆ. ಒಂಬತ್ತರಿಂದ ಹನ್ನೆರಡರವರೆಗಿನ ಹುಡುಗಿಯರಿಗೆ ವಿಜ್ಞಾನ ಜ್ಯೋತಿ ಎಂಬ ಕಾರ್ಯಕ್ರಮ ನವೋದಯ ಶಾಲೆಗಳ ಮೂಲಕ ನಡೆಯುತ್ತದೆ. ಐಐಟಿಗಳಲ್ಲಿ 2018ರಿಂದ ಹೆಣ್ಣುಮಕ್ಕಳಿಗೆಂದೇ ಹೆಚ್ಚುವರಿ ಸೀಟು ಸೇರಿಸಿ ಎರಡೇ ವರ್ಷದಲ್ಲಿ ಅವರ ಪಾಲನ್ನು ನೂರಕ್ಕೆ 20ಕ್ಕೆ ತಂದರು. ಮದುವೆ, ಮಕ್ಕಳೆಂದು ಸಂಶೋಧನೆ ಬಿಟ್ಟವರು ಮರಳಿ ಬರಲು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಯೋಜನೆ ನಡೆಸಿಕೊಂಡು ಬಂದಿದೆ. ಇವನ್ನೆಲ್ಲ ಹುಡುಕಿ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಸಂಜೆ ಹೋಗಬೇಕು ಎನ್ನುವಲ್ಲಿ ಮತ್ತೆ ಹಳೆಯ ತೊಡಕು. ಕಾಲೇಜಿನಲ್ಲೇ, ಕಾಲೇಜಿನ ಹೊತ್ತಿನಲ್ಲೇ ಅರ್ಜಿ ತುಂಬಿಸುವ ಒಬ್ಬ ಲೆಕ್ಚರರ್ ಇದ್ದರೆ ಸಾಕು.

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆ ಹಣದ ಕೆಲಸಗಳಿವೆ: ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಲ್ಲಿ ಸೀಟು ಹೆಚ್ಚಿಸುವುದು, ಪ್ರತಿ ಹೋಬಳಿಯ ಪಿಯು ಕಾಲೇಜಿಗೂ ಲ್ಯಾಬು ಮತ್ತು ಕಾಯಂ ಉಪನ್ಯಾಸಕರನ್ನು ಕೊಡುವುದು. ಅವು ಆಗಲೇಬೇಕು, ಅದಕ್ಕೆ ಶಾಸಕರ ಬೆನ್ನು ಹತ್ತಬೇಕು. ದುಡ್ಡೇ ಬೇಡದ ಕೆಲಸಗಳೂ ಇವೆ. ಪ್ರಾಕ್ಟಿಕಲ್ ಬ್ಯಾಚುಗಳನ್ನು ಬೆಳಿಗ್ಗೆಗೆ ಹಾಕಿ, ಥಿಯರಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ಬಸ್ಸು ತಪ್ಪಿದರೆ ಒಂದು ಪಾಠ ಹೋಗುತ್ತದೆ, ಪ್ರಯೋಗ ಹೋಗುವುದಿಲ್ಲ. ದೂರದ ಊರಿನ ಹುಡುಗಿಯರನ್ನು ಮೊದಲ ಬ್ಯಾಚಿಗೆ ಸೇರಿಸಬಹುದು. ಹಾಸ್ಟೆಲ್ ಗೇಟಿನ ಹೊತ್ತನ್ನು ಲೈಬ್ರರಿಯ ಹೊತ್ತಿಗೆ ಹೊಂದಿಸಬಹುದು. ಕೆಎಸ್ಸಾರ್ಟಿಸಿಗೆ ಚಾಮರಾಜನಗರದಲ್ಲೇ ವಿಭಾಗೀಯ ಕಚೇರಿ ಇದೆ, ಗುಂಡ್ಲುಪೇಟೆಯಲ್ಲೇ ಡಿಪೊ ಇದೆ. ಯಾವ ಊರಿನಿಂದ ಎಷ್ಟು ಹುಡುಗಿಯರು ಸೈನ್ಸ್ ಓದುತ್ತಿದ್ದಾರೆ, ಅವರ ಲ್ಯಾಬು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬ ಪಟ್ಟಿಯನ್ನು ಪ್ರಾಂಶುಪಾಲರು ಜೂನ್ ತಿಂಗಳಲ್ಲೇ ಡಿಪೊ ಮ್ಯಾನೇಜರ್ ಕೈಗೆ ಕೊಟ್ಟರೆ, ಹಂಗಳದ ಕಡೆಗೆ, ತೆರಕಣಾಂಬಿಯ ಕಡೆಗೆ, ಬೇಗೂರಿನ ಕಡೆಗೆ ಒಂದೊಂದು ಬಸ್ಸಿನ ವೇಳೆಯನ್ನು ಮುಕ್ಕಾಲು ಗಂಟೆ ಮುಂದಕ್ಕೆ ಹಾಕಲು ವಿಧಾನಸೌಧದ ಅಪ್ಪಣೆ ಬೇಕಾಗಿಲ್ಲ.